ದಸ್ತಗೀರನಿಗೆ ಹುಲಿ ತೋರಿಸಲು ಹೋದದ್ದು

ಚೀಟಿ ದುಡ್ಡು ಎತ್ತಿದ ವಾರವೇ ಹೊರಟೆವು,
ಮಂಡಕ್ಕಿ ಭಟ್ಟಿಯ ಒಂಬತ್ತು ಜನ, ಬಾಡಿಗೆಯ ಟ್ರ್ಯಾಕ್ಸು,
ಮೂರು ಚೀಲ ಮಂಡಕ್ಕಿ, ಒಂದು ಡಬ್ಬಿ ಖಾರ.
ಮಿರ್ಚಿ ಮಾತ್ರ ಸಂತೇಬೆನ್ನೂರು ದಾಟುವ ಮೊದಲೇ ಖಾಲಿ.

ನೆಪ, ದಸ್ತಗೀರ.
ಹದಿನೇಳು ಮೊಹರಂ ಹುಲಿಯಾದವನು
ಹುಲಿಯನ್ನೇ ಕಂಡಿಲ್ಲವಲ್ಲ ಅಂತ
ಚಹಾದಂಗಡಿಯಲ್ಲಿ ಯಾರೋ ಕಿಚಾಯಿಸಿದ್ದರು.

ಕೂಸಿದ್ದಾಗ ಜ್ವರ ನೆತ್ತಿಗೇರಿತ್ತಂತೆ.
ಅವನವ್ವ ಅಲಾಯಿ ದೇವರ ಮುಂದೆ ಸೆರಗೊಡ್ಡಿ
ಉಳಿಸು, ಹುಲಿ ಮಾಡಿ ಕುಣಿಸುತ್ತೇನೆ ಎಂದಳು.
ಉಳಿದ. ಹುಲಿಯಾದ.
ಬಣ್ಣ ಒಣಗುವವರೆಗೆ ಕೈ ಅಗಲಿಸಿ ನಿಂತು,
ಸೊಂಟದ ಹಗ್ಗ ಜಗ್ಗಿ ಹಿಡಿಯಲು ಇಬ್ಬರಿದ್ದರೂ
ಜನರ ಮೇಲೆ ಎಗರಿ, ಪಲ್ಟಿ ಹೊಡೆದು,
ಹಲ್ಲಲ್ಲಿ ನಿಂಬೆಹಣ್ಣು ಸಿಗಿದು,
ಮರುದಿನ ಸೀಮೆಎಣ್ಣೆಯಲ್ಲಿ ಮೈ ತಿಕ್ಕಿ ತಿಕ್ಕಿ
ಮತ್ತೆ ಭಟ್ಟಿಯ ಕಾದ ಮರಳಿಗೆ.
ಕಿವಿಯ ಹಿಂದೆ ಒಂದಿಷ್ಟು ಹಳದಿ
ಎರಡು ತಿಂಗಳಾದರೂ ಹೋಗುತ್ತಿರಲಿಲ್ಲ.

ಲಕ್ಕವಳ್ಳಿಯ ಜೀಪಿನವ ಹೇಳಿದ: ನಿನ್ನೆ ಬಂದಿತ್ತು.
ನಾಗರಹೊಳೆಯವ: ಇವತ್ತು ಬೆಳಿಗ್ಗೆಯೇ.
ಬಂಡೀಪುರದವ ವಾಚು ನೋಡಿಕೊಂಡು:
ಹತ್ತು ನಿಮಿಷ ಮುಂಚೆ ಬರಬೇಕಿತ್ತು ನೀವು.
ಲೆಕ್ಕ ಬರೆಯುವವನು ನಾನು.
ಹುಲಿ ಹತ್ತಿರವಾದಷ್ಟೂ ದುಡ್ಡು ದೂರವಾಗುತ್ತಿತ್ತು.
ಮೊದಲ ದಿನ ಎಣಿಸಿದ ಜಿಂಕೆಗಳನ್ನು
ಮೂರನೆಯ ದಿನ ಬೈಯತೊಡಗಿದ್ದೆವು.

ಅಲ್ಲೇ, ಬಂಡೀಪುರದ ಒಂದು ತಿರುವಿನಲ್ಲಿ
ಕೊಟ್ರೇಶಿ ಸೀಟಿನಿಂದ ಎದ್ದ.
ಬಾಯಿ ತೆರೆಯಿತು, ಮಾತು ಹೊರಡಲಿಲ್ಲ.
ನಾವು ತಿರುಗುವಷ್ಟರಲ್ಲಿ ಬರೀ ಲಂಟಾನ.
ದಾಟ್ತಲೇ, ಅಂದ.
ಎಷ್ಟುದ್ದ ಇತ್ತು? ಗೊತ್ತಿಲ್ಲ.
ಬಾಲ? ನೋಡಲಿಲ್ಲ.
ಗುರ್ ಅಂತಾ? ಇಲ್ಲ, ಏನೂ ಇಲ್ಲ,
ಸದ್ದೇ ಇರಲಿಲ್ಲ ಕಣ್ರಲೇ, ಹಂಗೇ ಹೋತು.

ನಕ್ಕೆವು. ಹಿರಿಯೂರಿನ ಊಟದಲ್ಲೂ ನಕ್ಕೆವು.
ದುರ್ಗದ ಗುಡ್ಡದ ಮೇಲೆ ಗಾಳಿ ಯಂತ್ರಗಳು ತಿರುಗುತ್ತಿದ್ದವು,
ಭರಮಸಾಗರದ ಹತ್ತಿರ ಕಂದು ನಾಯಿಯೊಂದು ಅಡ್ಡ ಬಂದರೆ
ಕೊಟ್ರೇಶಿ, ಏಳೋ, ನಿನ್ನ ಹುಲಿ!
ಅವನು ಕಿಟಕಿಗೆ ತಲೆಯಿಟ್ಟು
ನಿದ್ದೆ ಬಂದವನಂತೆ ಕೂತ.

ದಸ್ತಗೀರ ನಗಲಿಲ್ಲ.
ಲಕ್ಕವಳ್ಳಿಯಲ್ಲಿ, ದಾರಿಯ ಧೂಳಿನಲ್ಲಿ
ಜೀಪಿನವ ಹೆಜ್ಜೆ ಗುರುತು ತೋರಿಸಿದಾಗ
ಬಗ್ಗಿ ಬಗ್ಗಿ ನೋಡಿ ಒಂದೇ ಮಾತು ಕೇಳಿದ್ದ:
ನಾಲ್ಕು ಕಾಲಿಗೆ ಗುರುತು ಕಮ್ಮಿ ಅದಾವಲ್ಲ ಸಾರ್?
ಮುಂಗಾಲು ಇಟ್ಟಲ್ಲೇ ಹಿಂಗಾಲು ಇಡುತ್ತೆ,
ತರಗೆಲೆ ಸದ್ದು ಮಾಡಬಾರದಲ್ಲ.
ಆಮೇಲೆ ಮೂರು ದಿನ ಅವನು
ಮಂಡಕ್ಕಿಯನ್ನೂ ಸದ್ದಾಗದಂತೆ ತಿಂದ.

ಈ ಸಲದ ಮೊಹರಂ. ಹಗೇದಿಬ್ಬ ಸರ್ಕಲ್.
ಹಲಗಿ ಕಾದಿತ್ತು, ಮಕ್ಕಳು ಗೋಡೆ ಹತ್ತಿದ್ದರು.
ದಸ್ತಗೀರ ಬಂದ. ಎಗರಲಿಲ್ಲ.
ಹಗ್ಗ ಹಿಡಿದವರ ಕೈಯಲ್ಲಿ ಹಗ್ಗ ಸಡಿಲವಾಗಿತ್ತು.
ನೆಲ ಮುಟ್ಟಿಯೂ ಮುಟ್ಟದ ಹಾಗೆ ಅಂಗೈ ಊರಿ,
ಅಂಗೈ ಎತ್ತಿದಲ್ಲೇ ಪಾದ ಇಟ್ಟು
ಯಾರನ್ನೂ ನೋಡದೆ ನಡೆದ.
ಹಲಗಿಯ ಮಾರೆಪ್ಪ ನಾಲ್ಕು ಪೆಟ್ಟು ಹಾಕಿ
ಯಾತಕ್ಕೆ ಹೊಡೆಯಬೇಕೋ ತಿಳಿಯದೆ ನಿಲ್ಲಿಸಿದ.
ನೋಟು ಚುಚ್ಚಲು ಪಿನ್ನು ಹಿಡಿದು ಬಂದವರು
ಪಿನ್ನು ಹಿಡಿದೇ ಉಳಿದರು.
(ಎಣಿಸಿದ್ದು ನಾನೇ: ಹೋದ ವರ್ಷದ ಅರ್ಧವೂ ಇಲ್ಲ.)
ಸೋಡಾ ಗಾಡಿಯ ಹತ್ತಿರ ನಿಂತಿದ್ದ ಒಂದು ಹುಡುಗಿ
ಅಳಲಿಲ್ಲ, ಓಡಲಿಲ್ಲ,
ಸುಮ್ಮನೆ ಎರಡು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟಳು.

ಆಗ ನನ್ನ ಮುಂಗೈಯನ್ನು ಯಾರೋ ನೋಯುವಂತೆ ಹಿಡಿದರು.
ಕೊಟ್ರೇಶಿ. ಕಣ್ಣು ತುಂಬಿತ್ತು.
ಇದೇ ಕಣಲೇ, ಅಂದ.
ಅವತ್ತು ದಾಟಿದ್ದು ಇದೇ.